ವಲಸೆ ಹೋದ ವಕೀಲ ಶಾಸಕನಾದ ಬಗೆ: ಉಜ್ಜಲ್ ದೋಸಾಂಝ್ ಕುರಿತು

ಪ್ರಶ್ನೆ: ಕಾನೂನು ವಿದ್ಯಾರ್ಥಿನಿ, ಹಾಸನ

ಮಾನ್ಯರೇ, ಪಂಜಾಬಿನ ಹಳ್ಳಿಯೊಂದರಿಂದ ಹೊರಟು ಕೆನಡಾದಲ್ಲಿ ವಕೀಲರಾಗಿ, ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥ) ಹುದ್ದೆಗೇರಿದ ಉಜ್ಜಲ್ ದೋಸಾಂಝ್ ಅವರ ಕುರಿತು ನಾನು ತರಗತಿಯಲ್ಲಿ ಮಾತನಾಡಬೇಕಾಗಿದೆ. ವಲಸಿಗರು ಗೆಲ್ಲುವುದು ತಮ್ಮವರ ಮತಗಳಿಂದಲೇ, ವಕೀಲಿಕೆ ಬರಿಯ ಮೆಟ್ಟಿಲು ಎಂದು ಸಹಪಾಠಿಗಳು ವಾದಿಸುತ್ತಾರೆ. ಅವರ ವಿಷಯದಲ್ಲಿ ಈ ಮಾತು ಎಷ್ಟು ಸರಿ? ಹೊರದೇಶದಲ್ಲಿ ಹುಟ್ಟಿದ ವಕೀಲರೊಬ್ಬರು ನಮ್ಮ ವಿಧಾನಸಭೆಗೆ ಬರಲು ಕಾನೂನಿನಲ್ಲಿ ಅವಕಾಶವಿದೆಯೇ?

ಉತ್ತರ 1: ವಕೀಲರು, ಚಿಕ್ಕಮಗಳೂರು

ತಂಗಿ, ನಿಮ್ಮ ಸಹಪಾಠಿಗಳಿಗೆ ಮೊದಲು ಎರಡು ಸೋಲುಗಳನ್ನು ನೆನಪಿಸಿರಿ. 1979 ಮತ್ತು 1983ರಲ್ಲಿ ದೋಸಾಂಝ್ ಪ್ರಾಂತದ ಚುನಾವಣೆಗೆ ನಿಂತು ಸೋತರು. ಶಾಸಕರಾದದ್ದು 1991ರಲ್ಲಿ, ವ್ಯಾಂಕೂವರ್-ಕೆನ್ಸಿಂಗ್ಟನ್ ಕ್ಷೇತ್ರದಿಂದ. ತಮ್ಮವರ ಮತವೇ ಸಾಕಾಗಿದ್ದರೆ ಇಷ್ಟು ವರ್ಷ ಕಾಯಬೇಕಿರಲಿಲ್ಲ.

ಜಲಂಧರ್ ಜಿಲ್ಲೆಯ ದೋಸಾಂಝ್ ಕಲಾನ್ ಗ್ರಾಮದವರಾದ ಅವರು 1964ರಲ್ಲಿ ಇಂಗ್ಲೆಂಡಿಗೂ ಅಲ್ಲಿಂದ 1968ರಲ್ಲಿ ಕೆನಡಾಕ್ಕೂ ಹೋದರು. ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿಯುತ್ತಿದ್ದಾಗ ಬೆನ್ನಿಗೆ ಪೆಟ್ಟು ಬಿದ್ದು, ಆ ಕೆಲಸ ಬಿಟ್ಟು ಓದಿನ ಕಡೆಗೆ ಹೊರಳಿದರು. 1977ರಲ್ಲಿ ವಕೀಲಿಕೆಯ ಸನ್ನದು ಪಡೆದರು. ಅದೇ ಕಾಲದಲ್ಲಿ ಅವರು ಹಣ್ಣು ತರಕಾರಿ ತೋಟಗಳ ಕೃಷಿಕಾರ್ಮಿಕರಿಗೆ ಕಾನೂನಿನ ತಿಳಿವಳಿಕೆ ಮುಟ್ಟಿಸುವ ಕೆಲಸದಲ್ಲಿ ತೊಡಗಿದ್ದರು. ಆ ಕಾರ್ಮಿಕರಲ್ಲಿ ಬಹಳಷ್ಟು ಜನ ಇಂಗ್ಲಿಷ್ ಬಾರದ ಪಂಜಾಬಿಗಳು. ಅವರಿಗೂ ತೋಟದ ಮಾಲೀಕನಿಗೂ ನಡುವೆ ನಮ್ಮ ಕಾಫಿ ತೋಟಗಳ ಮೇಸ್ತ್ರಿಯಂಥ ಗುತ್ತಿಗೆದಾರನಿರುತ್ತಿದ್ದ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಕಕ್ಷಿದಾರ ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆಯೆಂದು ವಕೀಲನನ್ನೇ ಕೇಳುವುದನ್ನು ನಾನು ಇಲ್ಲಿ ನೋಡಿದ್ದೇನೆ. ಆದ್ದರಿಂದ ವಕೀಲಿಕೆಯನ್ನು ಬರಿಯ ಮೆಟ್ಟಿಲೆನ್ನಲು ನನಗೆ ಮನಸ್ಸು ಬಾರದು.

ತಮ್ಮವರ ಮತದ ಲೆಕ್ಕವನ್ನೇ ಹಾಕುವವರು ದೋಸಾಂಝ್ ಅವರಂತೆ ನಡೆದುಕೊಳ್ಳುವುದೂ ಇಲ್ಲ. ಸಿಖ್ಖರಿಗೆ ಪ್ರತ್ಯೇಕ ದೇಶ ಕೇಳುವ ಖಾಲಿಸ್ತಾನಿ ಉಗ್ರರ ಹಿಂಸೆಯನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕಾಗಿ 1985ರ ಫೆಬ್ರವರಿಯಲ್ಲಿ, ಅವರ ವಕೀಲಿ ಕಚೇರಿಯ ಹೊರಗೇ, ಒಬ್ಬ ಕಬ್ಬಿಣದ ಸಲಾಕೆಯಿಂದ ತಲೆಗೆ ಹೊಡೆದ. ಎಂಬತ್ತಕ್ಕೂ ಹೆಚ್ಚು ಹೊಲಿಗೆ ಬಿದ್ದವು, ಕೈಯೂ ಮುರಿಯಿತು. ಅಷ್ಟಾದರೂ ಮಾತು ನಿಲ್ಲಿಸಲಿಲ್ಲ. 1995ರಲ್ಲಿ ಪ್ರಾಂತದ ಅಟಾರ್ನಿ ಜನರಲ್ (ಅಲ್ಲಿ ಅದು ಕಾನೂನು ಸಚಿವರ ಹುದ್ದೆ), 2000ದ ಫೆಬ್ರವರಿಯಲ್ಲಿ ಪ್ರೀಮಿಯರ್; ಕೆನಡಾದ ಪ್ರಾಂತವೊಂದರಲ್ಲಿ ಆ ಹುದ್ದೆಗೇರಿದ ಭಾರತ ಮೂಲದವರಲ್ಲಿ ಅವರೇ ಮೊದಲಿಗರು.

ಉತ್ತರ 2: ಕಾಫಿ ಬೆಳೆಗಾರರು, ಸಕಲೇಶಪುರ

ವಕೀಲರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಚಿತ್ರ ಸ್ವಲ್ಪ ಹೊಳಪಾಯಿತು. 2001ರ ಚುನಾವಣೆಯಲ್ಲಿ ದೋಸಾಂಝ್ ನೇತೃತ್ವದ ನ್ಯೂ ಡೆಮಾಕ್ರಟಿಕ್ ಪಕ್ಷಕ್ಕೆ 79 ಸ್ಥಾನಗಳಲ್ಲಿ ಉಳಿದದ್ದು ಎರಡೇ, ಅವರೂ ಸೋತರು. ಹಿಂದಿನ ಪ್ರೀಮಿಯರ್ ರಾಜೀನಾಮೆಯ ನಂತರ, ಆಗಲೇ ಜನಬೆಂಬಲ ಕಳೆದುಕೊಂಡಿದ್ದ ಪಕ್ಷವನ್ನು ವಹಿಸಿಕೊಂಡರೆಂಬುದೂ ನಿಜ. ಆಮೇಲೆ ಪಕ್ಷ ಬದಲಿಸಿ, 2004ರಲ್ಲಿ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಹೋಗಿ ಕೇಂದ್ರದ ಆರೋಗ್ಯ ಸಚಿವರಾದರು. 2008ರಲ್ಲಿ ಮರುಎಣಿಕೆಯ ಬಳಿಕ ಗೆಲುವಿನ ಅಂತರ ಕೇವಲ 20 ಮತ, 2011ರಲ್ಲಿ ಸೋಲು. ಪಕ್ಷಾಂತರವನ್ನು ನಾವು ಇಲ್ಲಿಯವರು ಮಾಡಿದಾಗ ಬೈದು, ಅಲ್ಲಿಯವರು ಮಾಡಿದಾಗ ಸುಮ್ಮನಿರುವುದು ಸರಿಯಲ್ಲ.

ಇನ್ನೊಂದು ಮಾತು. ಅಲ್ಲಿನ ಪ್ರಾಂತೀಯ ಶಾಸನಸಭೆಗಳಿಗೆ ಆರಿಸಿ ಬಂದ ಮೊದಲ ಭಾರತ ಮೂಲದವರು ಮೋ ಸಿಹೋಟ, 1986ರಲ್ಲಿ. ಅವರೂ ವಕೀಲರೇ, ಆದರೆ ಕೆನಡಾದಲ್ಲೇ ಹುಟ್ಟಿದವರು.

ಉತ್ತರ 3: ಹಿರಿಯ ವಕೀಲರು, ಹಾಸನ

ಈ ಇಬ್ಬರೂ ಮುಟ್ಟದ ಒಂದು ಕೊಂಡಿಯಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ 1907ರಿಂದ 1947ರವರೆಗೆ ಭಾರತೀಯರಿಗೆ ಮತದಾನದ ಹಕ್ಕಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ವಕೀಲಿಕೆಯ ಬಾಗಿಲೂ ಮುಚ್ಚಿತ್ತು. ಅಂದರೆ ನ್ಯಾಯಾಲಯಕ್ಕೂ ಶಾಸನಸಭೆಗೂ ಅಲ್ಲಿ ಒಂದೇ ಬೀಗ ಹಾಕಿದ್ದರು. ವಕೀಲನಾಗಲು ಪೌರತ್ವ ಬೇಕೆಂಬ ಆ ಪ್ರಾಂತದ ನಿಯಮವನ್ನು ಕೆನಡಾದ ಸುಪ್ರೀಂ ಕೋರ್ಟ್ ಸಮಾನತೆಗೆ ವಿರುದ್ಧವೆಂದು ತಳ್ಳಿಹಾಕಿದ್ದು 1989ರಲ್ಲಷ್ಟೆ, ಆಂಡ್ರೂಸ್ ಪ್ರಕರಣದಲ್ಲಿ. ತರಗತಿಯಲ್ಲಿ ಇದನ್ನು ತಪ್ಪದೆ ಹೇಳಮ್ಮ.

ಎರಡನೆಯ ಪ್ರಶ್ನೆಗೆ ಉತ್ತರ ಸಂವಿಧಾನದ 173ನೇ ವಿಧಿಯಲ್ಲಿದೆ: ವಿಧಾನಸಭೆಯ ಅಭ್ಯರ್ಥಿ ಭಾರತದ ನಾಗರಿಕನಾಗಿರಬೇಕು, 25 ವರ್ಷ ತುಂಬಿರಬೇಕು. ಹುಟ್ಟಿದ ದೇಶದ ಮಾತು ಅಲ್ಲಿಲ್ಲ. ಆದ್ದರಿಂದ ಹೊರಗೆ ಹುಟ್ಟಿ ಇಲ್ಲಿನ ಪೌರತ್ವ ಪಡೆದವರು ಸ್ಪರ್ಧಿಸಬಹುದು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಸಾಗರೋತ್ತರ ಭಾರತೀಯ ನಾಗರಿಕ (ಒಸಿಐ) ಎಂಬ ಕಾರ್ಡು ಮಾತ್ರ ಇರುವವರು ಸ್ಪರ್ಧಿಸುವುದಿರಲಿ, ಮತ ಹಾಕುವಂತೆಯೂ ಇಲ್ಲ. 1978ರ ಉಪಚುನಾವಣೆಯಲ್ಲಿ ಹೊರರಾಜ್ಯದ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ನಿಲ್ಲಲು ಸಾಧ್ಯವಾದದ್ದು, ಲೋಕಸಭೆಯ ಸಾಮಾನ್ಯ (ಮೀಸಲಲ್ಲದ) ಕ್ಷೇತ್ರಕ್ಕೆ ದೇಶದ ಯಾವುದೇ ಕ್ಷೇತ್ರದ ಮತದಾರರಾಗಿದ್ದರೆ ಸಾಕೆಂಬ ಕಾರಣಕ್ಕೆ. ವಿಧಾನಸಭೆಗೆ ಅದು ಸಾಲದು. ನೀವು ಕೇಳಿದ ಆ ವಕೀಲರು ಪೌರತ್ವದ ಜೊತೆಗೆ ಕರ್ನಾಟಕದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಗೂ ಹೆಸರು ಸೇರಿಸಿಕೊಂಡಿರಬೇಕು.