ದೊಡ್ಡಪ್ಪ ಕಳಿಸಿದ ಕಸ್ತೂರಿರಂಗನ್ ಫಾರ್ವರ್ಡ್

ದೊಡ್ಡಪ್ಪ: (ಫಾರ್ವರ್ಡ್) ಪಶ್ಚಿಮ ಘಟ್ಟ ಉಳಿಸಲು ಮಾಡಿದ ಕಸ್ತೂರಿರಂಗನ್ ವರದಿ ಜಾರಿಯಾದರೆ ಕಾಫಿ ತೋಟ ಮಾಡುವ ಹಾಗಿಲ್ಲ. ಮನೆ ಹೆಂಚು ಬದಲಿಸಲೂ ಬಿಡುವುದಿಲ್ಲ. ಎಲ್ಲರಿಗೂ ಕಳಿಸಿ.

ಅಣ್ಣ: ದೊಡ್ಡಪ್ಪ, ಇದೆಲ್ಲ ಸುಳ್ಳು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಿದ್ದು ಮರೆತುಹೋಯಿತಾ? ವಿರೋಧ ಮಾಡುವವರೆಲ್ಲ ರೆಸಾರ್ಟ್ ಕಡೆಯವರು.

ದೊಡ್ಡಪ್ಪ: ಬೆಂಗಳೂರಲ್ಲಿ ಕೂತು ಹೇಳುವುದು ಸುಲಭ ಮಗಾ. ತೋಟ ಮಾಡುತ್ತಿರುವವರು ನಾವು.

ನಾನು: ಇಬ್ಬರೂ ಸ್ವಲ್ಪ ಕೇಳಿ. ಎರಡೂ ಕಡೆಯ ಮಾತು ಹುಡುಕಿಕೊಡುವುದೇ ಕಾಲೇಜು ಲೈಬ್ರರಿಯಲ್ಲಿ ನಾನು ದಿನಾ ಮಾಡುವ ಕೆಲಸ.

ದೊಡ್ಡಪ್ಪ, 2013ರ ಆ ವರದಿ ಬೇಡ ಎಂದಿದ್ದು ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, 20,000 ಚದರ ಮೀಟರ್ ಮೇಲ್ಪಟ್ಟ ಕಟ್ಟಡ, ಇಂಥವಕ್ಕೆ. ಕಾಫಿ ಬೆಳೆಯಬೇಡಿ ಎಂದು ಅದರಲ್ಲಿಲ್ಲ.

ಅಣ್ಣಾ, ವಿರೋಧಿಸುವವರೆಲ್ಲ ರೆಸಾರ್ಟ್‌ನವರು ಅಂದರೆ ಹೇಗೆ? ಆ ವರದಿಯನ್ನು ಗಟ್ಟಿಯಾಗಿ ಟೀಕಿಸಿದವರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರೂ ಇದ್ದರು. 2011ರಲ್ಲಿ ಇಡೀ ಘಟ್ಟವನ್ನೇ ಪರಿಸರ ಸೂಕ್ಷ್ಮ ಪ್ರದೇಶ ಮಾಡಿ ಎಂದವರು ಅವರೇ. ಊರಿನ ಗ್ರಾಮಸಭೆಗೆ ಮಾತೇ ಇಲ್ಲದಂತೆ ಆಗುತ್ತದೆ ಅನ್ನುವುದು ಅವರ ತಕರಾರು. ದೊಡ್ಡಪ್ಪ ಹೇಳುವುದಕ್ಕೆ ಇದು ಹತ್ತಿರವೇ ಇದೆ ಅಲ್ವಾ?

ಅಣ್ಣ: ಗೂಗಲ್‌ನಲ್ಲಿ ನನಗೆ ಇದು ಸಿಗಲೇ ಇಲ್ಲ.

ನಾನು: ನೀನು ಹಾಕುವ ಪದದಂತೆ ಸಿಗುತ್ತದೆ. ‘ಕನ್ಸರ್ವೇಶನ್’ ಅಂತ ಹುಡುಕಿದರೆ ಕಾಡು ಉಳಿಸುವವರ ಲೇಖನವೇ ಜಾಸ್ತಿ ಬರುತ್ತದೆ. ಅದೇ ‘ವೆಸ್ಟರ್ನ್ ಘಾಟ್ಸ್’ ಜೊತೆಗೆ ‘ಲೈವ್ಲಿಹುಡ್’, ‘ಪ್ರೊಟೆಸ್ಟ್’ ಸೇರಿಸಿ ನೋಡು, ರೈತರ ಕಡೆಯದು ಬರುತ್ತದೆ. ಎರಡು ಸಲ ಹುಡುಕಲೇಬೇಕು. ಜೆಸ್ಟೋರ್ ಅನ್ನುವ ಆನ್‌ಲೈನ್ ಲೇಖನ ಸಂಗ್ರಹದಲ್ಲಿ ಹೆಸರು ನೋಂದಾಯಿಸಿದರೆ ಎಷ್ಟೋ ಲೇಖನ ದುಡ್ಡಿಲ್ಲದೆ ಓದಬಹುದು. ಶೋಧಗಂಗಾದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿವೆ. ಊರೂರು ತಿರುಗಿ ಜನರನ್ನು ಕೇಳಿ ಬರೆದದ್ದೂ ಅದರಲ್ಲಿ ಇರುತ್ತದೆ. ಪರ–ವಿರೋಧ ಎರಡನ್ನೂ ಜೋಡಿಸಿಯೇ ಕೊಡುವ ಗೇಲ್ ಕಂಪನಿಯ ‘ಅಪೋಸಿಂಗ್ ವ್ಯೂಪಾಯಿಂಟ್ಸ್’ ಕೂಡ ಇದೆ. ಆದರೆ ಅದರಲ್ಲಿ ಅಮೆರಿಕದ ಜಗಳಗಳೇ ತುಂಬಿವೆ, ನಮ್ಮ ಘಟ್ಟಕ್ಕೆ ಅಷ್ಟು ಉಪಯೋಗವಿಲ್ಲ.

ಅತ್ತೆ: ಅಷ್ಟೆಲ್ಲ ಯಾರು ಓದುತ್ತಾರೆ ಪುಟ್ಟಿ? ಸರ್ಕಾರವೇ ಬೇಡ ಅಂದಿದೆಯಲ್ಲ.

ನಾನು: ಹೌದು ಅತ್ತೆ, 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಬೇಡ ಅಂದಿತು. ಆದರೆ ಅದೇ ವರ್ಷ ಜುಲೈನಲ್ಲಿ ಸೂಕ್ಷ್ಮ ಪ್ರದೇಶ ಘೋಷಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಆರನೇ ಸಲ ಹೊರಡಿಸಿತ್ತು. ಮತ್ತೆ ಬಂದರೆ ಆಕ್ಷೇಪಣೆ ಬರೆಯಬೇಕಾದವರು ನಾವೇ. ತೋಟ ಮಾಡಬೇಡಿ ಅಂದಿದ್ದಾರೆ ಅಂತ ಬರೆದರೆ ಆ ಪತ್ರವನ್ನು ಪಕ್ಕಕ್ಕೆ ಇಡುತ್ತಾರೆ. ಯಾವ ಪುಟದ ಯಾವ ಸಾಲು ಬೇಡ ಅಂತ ಬರೆದರೆ ಹಾಗೆ ಪಕ್ಕಕ್ಕೆ ಇಡುವುದು ಕಷ್ಟ. ಅದಕ್ಕೇ ಇಷ್ಟು ಹೇಳಿದ್ದು.

ದೊಡ್ಡಪ್ಪ: ನಮ್ಮ ಊರು ಪಟ್ಟಿಯಲ್ಲಿ ಇದೆಯಾ?

ನಾನು: ಹಳ್ಳಿಗಳ ಪಟ್ಟಿ ಕರಡಿನ ಕೊನೆಯಲ್ಲಿದೆ. ಕಳಿಸಲಾ?

ದೊಡ್ಡಪ್ಪ: ಫೋನಿನಲ್ಲಿ ಕಣ್ಣು ಹಿಡಿಯುವುದಿಲ್ಲ. ಭಾನುವಾರ ಬರುವಾಗ ಪ್ರಿಂಟ್ ತೆಗೆದುಕೊಂಡು ಬಾ. ಆ ಗಾಡ್ಗೀಳರದ್ದೂ ತಾ.