ಎಟಿವಿ ಟೈಮಿಂಗ್ ಹೆಂಗ ಕೂಡಸೂದು? ಮಾಡಿದವರು ಹೇಳ್ರಿ

ಹಾವೇರಿ ಕಡೆ ಹೊಲಕ್ಕಂತ ಹಳೇ ಎಟಿವಿ (ನಾಕು ಗಾಲಿ ಬೈಕ್) ಇಟ್ಕೊಂಡೀನ್ರಿ, ಸಿಂಗಲ್ ಸಿಲಿಂಡರ್, ಕ್ಯಾಮ್ (ವಾಲ್ವ್ ತಗಿಯೋ ದಂಡ) ಚೈನಿನ ಮ್ಯಾಲ ತಿರುಗೋ ಇಂಜಿನ್. ಹೆಡ್ ಬಿಚ್ಚಿ ಗ್ಯಾಸ್ಕೆಟ್ ಹಾಕಿಸಿದ ಮ್ಯಾಲೆ ಸ್ಟಾರ್ಟ್ ಆಗಾಕ ಒದ್ದಾಡ್ತೈತಿ, ಸೈಲೆನ್ಸರ್‌ದಾಗ ಫಟ್ ಫಟ್ ಅಂತೈತಿ, ಎರಿ ಹೊಲದಾಗ ಎಳೀವಲ್ದು. ಟೈಮಿಂಗ್, ಅಂದ್ರ ಪಿಸ್ಟನ್ನಿಗೆ ವಾಲ್ವ್, ಕಿಡಿ ಹೊತ್ತಿಗೆ ಸರಿ ಕೂಡೂದು, ತಪ್ಪೇತಿ ಅಂತಾರ.

ಧಾರವಾಡದಿಂದ: ಅಣ್ಣಾರ, ಹೆಡ್ ಬಿಚ್ಚಿದ ಮ್ಯಾಲೇ ಶುರು ಆಗೇತಿ ಅಂದ್ರ ಚೈನ್ ಒಂದ್ ಹಲ್ಲು ಹಿಂದಮುಂದ ಕುಂತಿರಬೇಕು. ಮೊದ್ಲ ಪ್ಲಗ್ ತಗೀರಿ, ಇಂಜಿನ್ ಕೈಲೇ ಹಗೂರ ತಿರಗತೈತಿ. ಮ್ಯಾಗ್ನೆಟ್ (ಕ್ರ್ಯಾಂಕ್ ದಂಡದ ತುದಿಯ ಗಾಲಿ) ಕವರಿನ ಕಿಂಡಿಯೊಳಗ ಗುರ್ತು ಬರ್ತಾವು, ಮೊದ್ಲ ಎಫ್, ಆಮ್ಯಾಲ ಟಿ. ಭಾಳ ಮಂದಿ ಎಫ್‌ಗೇ ನಿಂದರಸ್ತಾರ, ಅದು ಕಿಡಿ ಹೊಡಿಯೋ ಗುರ್ತು, ನಿಮಗ ಬೇಕಾದ್ದು ಟಿ, ಪಿಸ್ಟನ್ ಪೂರ್ತಿ ಮ್ಯಾಲ ಬಂದ ಗುರ್ತು. ಡೌಟ್ ಬಂದ್ರ ಪ್ಲಗ್ ತೂತಿನ್ಯಾಗ ಜ್ಯೂಸ್ ಕುಡಿಯೋ ಸ್ಟ್ರಾ ಬಿಡ್ರಿ, ಅದು ಏರೂದು ನಿಂತಲ್ಲಿ ಪಿಸ್ಟನ್ ಮ್ಯಾಲ ಬಂದಂಗ. ಸ್ಕ್ರೂಡ್ರೈವರ್ ಹಾಕಬ್ಯಾಡ್ರಿ, ಓರೆಯಾಗಿ ಸಿಕ್ಕೊಂಡ್ರ ಪಿಸ್ಟನ್ ಗೀರತೈತಿ. ಟಿ ಕೂಡಿದಾಗ ಕ್ಯಾಮ್ ಸ್ಪ್ರಾಕೆಟ್ಟಿನ ಗೆರೆ ಹೆಡ್ಡಿನ ಅಂಚಿಗೆ ಸಮ ಇರಬೇಕು, ಭಾಳಷ್ಟು ಇಂಜಿನ್ನಿಗೆ ಹಿಂಗೇ, ಆದ್ರ ನಿಮ್ಮ ಮಾಡೆಲ್ಲಿನ ಮ್ಯಾನುಯಲ್ ನೋಡೇ ಕೈ ಹಚ್ರಿ.

ಗದಗದಿಂದ: ಇವರು ಹೇಳಿದ್ದು ಖರೆ, ಆದ್ರ ಗೆರೆ ಕೂಡಿದ್ವು ಅಂತ ಅಲ್ಲೇ ಮುಚ್ಚಿ ಬಿಡಬ್ಯಾಡ್ರಿ. ಚೈನಿನ ಸಡಿಲ ಎಲ್ಲಾ ಟೆನ್ಷನರ್ (ಚೈನ್ ಬಿಗಿ ಹಿಡಿಯೋ ಸಾಮಾನು) ಕಡೆ ಇರಬೇಕು, ಇನ್ನೊಂದ್ ಕಡೆ ಬಿಗಿ. ಸಡಿಲ ಆ ಬಿಗಿ ಇರಬೇಕಾದ ಕಡೆ ಉಳಿದ್ರ ಟೆನ್ಷನರ್ ಹಾಕಿದ ಕೂಡ್ಲೇ ಕ್ಯಾಮ್ ಸರದು ಗೆರೆ ತಪ್ಪತಾವು. ಅದಕ್ಕ ಟೆನ್ಷನರ್ ಬಿಗದ ಮ್ಯಾಲೆ ಇಂಜಿನ್ ತಿರುಗೋ ದಿಕ್ಕಿಗೇ ಕ್ರ್ಯಾಂಕ್ ಎರಡು ಸುತ್ತು ಕೈಲೇ ತಿರುವಿ ಮತ್ತ ಟಿ ಹಿಡಿದು ನೋಡ್ರಿ, ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು. ನಡುವ ಎಲ್ಲೆರ ಗಟ್ಟಿ ತಡದ್ರ ಜೋರ್ ಮಾಡಬ್ಯಾಡ್ರಿ, ಸೆಲ್ಫ್ ಅಂತೂ ಹೊಡೀಲೇಬ್ಯಾಡ್ರಿ, ವಾಲ್ವ್ ಪಿಸ್ಟನ್ನಿಗೆ ತಾಗಿ ಬಗ್ಗತಾವು.

ಹುಬ್ಬಳ್ಳಿಯಿಂದ: ಕ್ಯಾಮ್ ಕರೆಕ್ಟ್ ಇದ್ದೂ ಫಟ್ ಅಂದ್ರ ಸಿಡಿಐ (ಕಿಡಿ ಹೊಡಸೋ ಡಬ್ಬಿ) ಬದಲಸ್ರಿ ಅಂತ ಯಾರರ ಅಂತಾರ್ರಿ, ರೊಕ್ಕ ಹಾಕೂದಕ್ಕಿಂತ ಮೊದ್ಲ ಮ್ಯಾಗ್ನೆಟ್ ಬಿಚ್ಚಿ ಒಳಗಿನ ಅರ್ಧಚಂದ್ರದ ಕೀ ನೋಡ್ರಿ. ಅದು ಕಟ್ ಆದ್ರ ಮ್ಯಾಗ್ನೆಟ್ ಕ್ರ್ಯಾಂಕ್ ಮ್ಯಾಲ ಸರದು ಕಿಡಿ ಹೊತ್ತು ತಪ್ಪಿ ಬರ್ತೈತಿ, ಟಿ ಗುರ್ತೂ ಸುಳ್ಳು ಹೇಳ್ತೈತಿ. ಹಂಗಾಗಿ ಆ ಸ್ಟ್ರಾ ನೋಡೂದು ಬಿಡಬ್ಯಾಡ್ರಿ. ಇನ್ನ ಟ್ಯಾಪೆಟ್ (ವಾಲ್ವ್ ಸಂದು) ನೋಡೂದು, ಇಂಜಿನ್ ಪೂರ್ತಿ ತಣ್ಣಗ ಇದ್ದಾಗ, ಟಿ ಮ್ಯಾಲ ಎರಡೂ ರಾಕರ್ (ವಾಲ್ವ್ ಒತ್ತೋ ತೋಳು) ಸಡಿಲ ಅಲ್ಲಾಡ್ತಿರಬೇಕು. ಒಂದು ಬಿಗಿ ಐತಿ ಅಂದ್ರ ಇನ್ನೊಂದ್ ಸುತ್ತು ತಿರುವಿ ಆಮ್ಯಾಲ ಸಂದು ಅಳಿಯೋ ಗೇಜ್ ಹಾಕ್ರಿ.