ಮಾಡೆಲ್ ಕಾರಿಗೆ ಪೇಂಟ್, ಅದೂ ಕಲಬುರಗಿ ಬಿಸಿಲಲ್ಲಿ: ಉಸ್ತಾದರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ಶರಣು. ಹಳೇ ರೇಸ್ ಕಾರುಗಳ ಪ್ಲಾಸ್ಟಿಕ್ ಕಿಟ್ ಜೋಡಿಸುವ ನಮ್ಮ ಗುಂಪಿಗೆ ಈಗ ಬೀದರ್, ಯಾದಗಿರಿ ಕಡೆಯವರೂ ಸೇರಿದ್ದಾರೆ. ಯಾರು ಏನೇ ಕೇಳಲು ಶುರು ಮಾಡಿದರೂ ಕೊನೆಗೆ ಪೇಂಟಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಈ ಸಲ ಉಸ್ತಾದರನ್ನು ಹಿಡಿದು ಕೂರಿಸಿದ್ದೇವೆ. ಹುಮನಾಬಾದ್ ರಿಂಗ್ ರೋಡ್ ಕಡೆ ಅವರ ಡೆಂಟಿಂಗ್-ಪೇಂಟಿಂಗ್ ಶೆಡ್ ಇದೆ. ಹಗಲಲ್ಲಿ ನಿಜವಾದ ಕಾರು, ರಾತ್ರಿ ಅಂಗೈಯಷ್ಟರ ಕಾರು. ಕೇಳಿ.

ಪ್ರಶ್ನೆ (ಕಲಬುರಗಿ, ಬ್ಯಾಂಕ್ ನೌಕರ): ಉಸ್ತಾದರೇ, 1/24 ಅಳತೆಯ ಪೋರ್ಷೆ 917ಕೆ ಮಾಡುತ್ತಿದ್ದೇನೆ. ತಿಳಿ ನೀಲಿ ಮೈ, ನಡುವೆ ಕಿತ್ತಳೆ ಪಟ್ಟಿ, ಗಲ್ಫ್ ಎಣ್ಣೆ ಕಂಪನಿಯ ರೇಸ್ ಬಣ್ಣದ್ದು. ಹೋದ ಭಾನುವಾರ ಮಧ್ಯಾಹ್ನ ಮಾಳಿಗೆ ಮೇಲೆ ನಿಂತು ಸ್ಪ್ರೇ ಡಬ್ಬಿಯಿಂದ ನೀಲಿ ಹೊಡೆದೆ. ಒಣಗಿದ ಮೇಲೆ ಕೈಯಾಡಿಸಿದರೆ ರವೆ ಮುಟ್ಟಿದ ಹಾಗಿದೆ. ಇದೇ ಡಬ್ಬಿ ಜನವರಿಯಲ್ಲಿ ಕನ್ನಡಿಯ ಹಾಗೆ ಬಂದಿತ್ತು. ಡಬ್ಬಿ ಕೆಟ್ಟಿದೆಯಾ?

ಉಸ್ತಾದ್: ಡಬ್ಬಿ ಚೆನ್ನಾಗಿದೆ ಸರ್. ಹೊತ್ತು ಸರಿ ಇರಲಿಲ್ಲ.

ಏಪ್ರಿಲ್ ಮಧ್ಯಾಹ್ನ ನಮ್ಮೂರಲ್ಲಿ 42 ಡಿಗ್ರಿ ಮಾಮೂಲಿ. ಮಾಳಿಗೆ ಮೇಲೆ ಕೇಳಲೇಬೇಡಿ. ಡಬ್ಬಿಯ ಬಾಯಿಂದ ಹೊರಟ ಹನಿ ಕಾರಿನ ಮೈ ಮುಟ್ಟುವ ಮೊದಲೇ ಅದರೊಳಗಿನ ಥಿನ್ನರ್ ಹಾರಿಹೋಗುತ್ತದೆ. ಹನಿಗಳು ಹಸಿಯಾಗಿ ಬಿದ್ದು, ಒಂದಕ್ಕೊಂದು ಕೂಡಿಕೊಂಡು ಹರಡಿದರೆ ಮಾತ್ರ ಹೊಳಪು. ನಿಮ್ಮ ಕಾರಿನ ಮೇಲೆ ಅವು ಪುಡಿಯಾಗಿ ಬಂದು ಕೂತಿವೆ. ಇದಕ್ಕೆ ನಾವು ಡ್ರೈ ಸ್ಪ್ರೇ ಅನ್ನುತ್ತೇವೆ. ಶೆಡ್ಡಿನಲ್ಲಾದರೆ ಬೇಸಿಗೆಗೆ ಸ್ಲೋ ಥಿನ್ನರ್ ಬೆರೆಸುತ್ತೇವೆ. ಡಬ್ಬಿಯೊಳಗೆ ಕೈ ಹಾಕೋಕೆ ಆಗಲ್ಲ ಅಲ್ವಾ, ಹಾಗಾಗಿ ಹೊತ್ತನ್ನೇ ಬದಲಿಸಿ.

ನಾನು ಮಾರ್ಚಿನಿಂದ ಜೂನ್‌ವರೆಗೆ ಮನೆಯಲ್ಲಿ ಹೊಡೆಯುವುದು ಬೆಳಿಗ್ಗೆ ಐದೂವರೆಗೆ. ಮನೆಯವರು ಹುಚ್ಚು ಅನ್ನುತ್ತಾರೆ, ಅನ್ನಲಿ. ಹಿಂದಿನ ಕೋಣೆಯಲ್ಲಿ ಶಹಾಬಾದ್ ಕಲ್ಲಿನ ನೆಲ. ಹತ್ತು ನಿಮಿಷ ಮೊದಲು ಅದರ ಮೇಲೆ ಒಂದು ಚೊಂಬು ನೀರು ಚಿಮುಕಿಸುತ್ತೇನೆ. ಧೂಳು ಕೆಳಗೆ ಕೂರುತ್ತದೆ. ನಮ್ಮ ಎರೆ ಮಣ್ಣಿನ ಧೂಳು ಎಷ್ಟು ನುಣುಪು ಅಂದರೆ ಕಿಟಕಿ ಹಾಕಿದ್ದರೂ ಹೇಗೋ ಒಳಗಿರುತ್ತದೆ. ತೊಗರಿ ರಾಶಿ ಮಾಡುವ ದಿನಗಳಲ್ಲಂತೂ ನಾನು ಡಬ್ಬಿ ಮುಟ್ಟುವುದೇ ಇಲ್ಲ. ಫ್ಯಾನ್ ಬಂದ್. ಪಕ್ಕದಲ್ಲಿ ಗ್ಯಾಸ್ ಒಲೆ, ದೇವರ ದೀಪ ಏನೂ ಇರಬಾರದು, ಇದು ಬೆಂಕಿ ಹತ್ತುವ ಮಾಲು.

ಡಬ್ಬಿ ಮೇಲೆ 25-30 ಸೆಂ.ಮೀ. ದೂರ ಅಂತ ಬರೆದಿರುತ್ತಾರೆ. ಬೇಸಿಗೆಯಲ್ಲಿ 18-20ಕ್ಕೆ ಬನ್ನಿ, ಆದರೆ ಕೈ ಜೋರಾಗಿ ಓಡಬೇಕು. ಕಾರಿನ ಮೂತಿಗಿಂತ ಮೊದಲೇ ಗುಂಡಿ ಒತ್ತಿ, ಬಾಲ ದಾಟಿದ ಮೇಲೆ ಬಿಡಿ. ಮೊದಲ ಎರಡು ಕೋಟು ಬರೀ ಮಂಜು ಬಿದ್ದ ಹಾಗೆ. ಕೆಳಗಿನ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹೊಡೆದ ಅಡಿಕೋಟು, ಇನ್ನೂ ಕಾಣುತ್ತಿರಲಿ, ಹೆದರಬೇಡಿ. ಮೂರನೆಯದು ಮಾತ್ರ ಹಸಿ ಕೋಟು. ಹೊಡೆದ ತಕ್ಷಣ ಮೇಲೊಂದು ಪ್ಲಾಸ್ಟಿಕ್ ಡಬ್ಬ ಕವುಚಿ. ಬಿದಿರು ಬುಟ್ಟಿ ಬೇಡ, ನಾರು ಉದುರುತ್ತದೆ. ಆಮೇಲೆ ಹೊರಗೆ ಬಂದು ಚಹಾ ಕುಡಿಯಿರಿ.

ಈಗ ಕೆಟ್ಟಿರುವುದನ್ನು ಕಿತ್ತು ತೆಗೆಯಬೇಕಿಲ್ಲ. ಎರಡು ದಿನ ಬಿಟ್ಟು 1200 ನಂಬರಿನ ವಾಟರ್ ಪೇಪರ್ (ನೀರಿನಲ್ಲಿ ತಿಕ್ಕುವ ಸ್ಯಾಂಡ್ ಪೇಪರ್) ನೆನೆಸಿ, ಒಂದು ಹನಿ ಪಾತ್ರೆ ಸೋಪು ಹಾಕಿ ಮೆಲ್ಲಗೆ ತಿಕ್ಕಿ. ಅಂಚು, ಏಣು ಇರುವಲ್ಲಿ ತಿಕ್ಕಬೇಡಿ, ಅಲ್ಲಿ ಬಣ್ಣ ಮೊದಲು ಹೋಗುತ್ತದೆ. ರವೆ ಹೋದರೆ ಸಾಕು. ಮತ್ತೆ ಒಂದು ಕೋಟು.

ಪ್ರಶ್ನೆ (ಅದೇ ಬ್ಯಾಂಕ್ ನೌಕರ): ಕಿತ್ತಳೆ ಪಟ್ಟಿ ಆದಮೇಲೆ ಗಾಜಿನ ಪೆಟ್ಟಿಗೆಯಲ್ಲಿಟ್ಟು, ‘1970, ಲ ಮಾನ್ ಗೆದ್ದ ಕಾರು’ ಅಂತ ಫಲಕ ಬರೆಸೋಣ ಅಂತಿದ್ದೇನೆ.

ಉಸ್ತಾದ್: ಬರೆಸಬೇಡಿ ಸರ್. 1970ರಲ್ಲಿ ಲ ಮಾನ್, ಅಂದರೆ ಫ್ರಾನ್ಸಿನ 24 ಗಂಟೆಯ ರೇಸ್, ಗೆದ್ದಿದ್ದು 917ಕೆ ಹೌದು, ಆದರೆ ಅದು ಕೆಂಪು-ಬಿಳಿ ಬಣ್ಣದ 23ನೇ ನಂಬರಿನ ಕಾರು. ಓಡಿಸಿದವರು ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್. ಎಲ್ಲ ವರ್ಗದ ಕಾರುಗಳನ್ನೂ ಹಿಂದೆ ಹಾಕಿ ಪೋರ್ಷೆ ಅಲ್ಲಿ ಗೆದ್ದಿದ್ದು ಅದೇ ಮೊದಲು. 1971ರಲ್ಲಿ ಗೆದ್ದ 917 ಮಾರ್ಟಿನಿ ಕಂಪನಿಯ ಬಣ್ಣದ ಪಟ್ಟಿಗಳದ್ದು. ಗಲ್ಫ್ ಬಣ್ಣದ 917 ಬೇರೆ ಕಡೆ ಸಾಕಷ್ಟು ಗೆದ್ದಿದೆ, ಲ ಮಾನ್‌ನಲ್ಲಿ ಮಾತ್ರ ಇಲ್ಲ. ಆ ನೀಲಿ-ಕಿತ್ತಳೆಯಲ್ಲೇ ಲ ಮಾನ್ ಗೆದ್ದ ಕಾರು ಬೇಕೆಂದರೆ ಫೋರ್ಡ್ ಜಿಟಿ40 ಮಾಡಿ. 1968, 1969 ಎರಡೂ ವರ್ಷ ಒಂದೇ ಕಾರು, 1075 ಅನ್ನುವ ಚಾಸಿ, ಗೆದ್ದಿತು. ನೋಡೋಕೆ ಬಂದವರಲ್ಲಿ ಒಬ್ಬರಿಗಾದರೂ ಇದು ಗೊತ್ತಿರುತ್ತದೆ, ಅವರು ಆ ಫಲಕವನ್ನೇ ನೋಡುತ್ತಾರೆ.

ಪ್ರಶ್ನೆ (ಕಲಬುರಗಿ, ಟ್ಯಾಕ್ಸಿ ಮಾಲೀಕ): ಭಾಯಿ, ಕಿಟ್ ಪೇಂಟ್ ತುಂಬಾ ದುಬಾರಿ. ನಿಮ್ಮ ಶೆಡ್ಡಿನಲ್ಲಿ ಉಳಿದ ಕಾರ್ ಪೇಂಟನ್ನೇ ಹೊಡೆದರೆ ಏನಾಗುತ್ತೆ?

ಉಸ್ತಾದ್: ಏನಾಗುತ್ತೆ ಅಂತ ನನ್ನನ್ನೇ ಕೇಳಿ. ನನ್ನ ಮೊದಲ ಕಿಟ್ ಒಂದು ಫೆರಾರಿ. ಇಪ್ಪತ್ತು ವರ್ಷ ಕಾರು ಬಡಿದವನು ನಾನು, ಈ ಆಟಿಕೆ ಯಾವ ಲೆಕ್ಕ ಅಂದುಕೊಂಡೆ. ಪ್ರೈಮರ್ ಇಲ್ಲ, ಏನಿಲ್ಲ. ಉಳಿದಿದ್ದ ಕೆಂಪಿಗೆ ಎನ್‌.ಸಿ. ಅನ್ನುವ ಜೋರು ಥಿನ್ನರ್ ಬೆರೆಸಿ ಸೀದಾ ಹೊಡೆದೆ. ಮೂತಿ ಬೆಲ್ಲದ ಪಾಕದ ಹಾಗೆ ಮೆತ್ತಗಾಯಿತು. ಬಾಗಿಲಿನ ಗೆರೆಗಳು ಮಾಯ. ಹುಡುಗರು ಅದನ್ನು ಇವತ್ತಿಗೂ ಶೆಡ್ಡಿನ ಗೋಡೆಗೆ ತೂಗುಹಾಕಿದ್ದಾರೆ.

ಕಿಟ್ ಇರುವುದು ಪಾಲಿಸ್ಟೈರೀನ್ ಪ್ಲಾಸ್ಟಿಕ್. ಜೋರು ಥಿನ್ನರ್ ಅದನ್ನು ಕರಗಿಸುತ್ತದೆ. ಕೆಳಗೆ ಒಳ್ಳೇ ಪ್ರೈಮರ್ ಇದ್ದು, ಮೇಲೆ ತೆಳ್ಳಗೆ ಮಂಜಿನ ಕೋಟು ಹೊಡೆದರೆ ಕಾರ್ ಪೇಂಟ್ ನಡೆಯುತ್ತದೆ. ಆದರೆ ಒಂದು ಲೆಕ್ಕ ತಲೆಯಲ್ಲಿರಲಿ. ಕಂಪನಿಯಿಂದ ಬಂದ ಕಾರಿನ ಪೇಂಟ್ ದಪ್ಪ ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಷ್ಟೇ ದಪ್ಪವನ್ನು 1/24 ಕಾರಿಗೆ ಬಳಿದರೆ, ದೊಡ್ಡ ಕಾರಿಗೆ 2.4 ಮಿ.ಮೀ. ದಪ್ಪ ಪೇಂಟ್ ಬಳಿದ ಹಾಗೆ. ಗೋಡೆಗೆ ಗಿಲಾವ್ ಮಾಡಿದಂತೆ ಕಾಣದೆ ಇನ್ನೇನು?

ಮೆಟಾಲಿಕ್ ಅಂತೂ ಬೇಡವೇ ಬೇಡ. ದೊಡ್ಡ ಕಾರಿಗೆ ಮಾಡಿದ ಅಲ್ಯೂಮಿನಿಯಂ ಚೂರು ಚಿಕ್ಕ ಕಾರಿನ ಮೇಲೆ ಮದುವೆ ಸೀರೆಯ ಚಮಕಿ ಆಗುತ್ತದೆ. ಇನ್ನು ಹಾರ್ಡ್ನರ್ ಬೆರೆಸುವ ಪಿ.ಯು. ಕ್ಲಿಯರ್, ಅಂದರೆ ಮೇಲೆ ಹೊಡೆಯುವ ಬಣ್ಣವಿಲ್ಲದ ಹೊಳಪಿನ ಕೋಟು. ಹೊಳಪು ಜೋರು, ಖರೇ. ಆದರೆ ಅದರಲ್ಲಿ ಐಸೋಸಯನೇಟ್ ಇರುತ್ತದೆ. ಒಮ್ಮೆ ಮೈಗೆ ಒಗ್ಗದೇ ಹೋದರೆ ಜನ್ಮಪೂರ್ತಿ ಉಬ್ಬಸ. ಮುಖಕ್ಕೆ ಕರವಸ್ತ್ರ ಕಟ್ಟಿದರೆ ಅದು ನಿಲ್ಲಲ್ಲ. ಮಕ್ಕಳಿರುವ ಮನೆಯಲ್ಲಿ ಅದನ್ನು ತೆರೆಯಲೇಬೇಡಿ.

ಪ್ರಶ್ನೆ (ಬೀದರ್, ಬಿದ್ರಿ ಕೆಲಸಗಾರ): ಉಸ್ತಾದ್, ನಾನು ಲೋಟಸ್ 72 ಹಿಡಿದಿದ್ದೇನೆ, 1972ರಲ್ಲಿ ಎಮರ್ಸನ್ ಫಿಟ್ಟಿಪಾಲ್ಡಿ ಫಾರ್ಮುಲಾ ಒನ್ ಚಾಂಪಿಯನ್ ಆದ ಕಪ್ಪು-ಚಿನ್ನದ ಕಾರು. ಡೀಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಅಂಟಿಸುವ ಬದಲು ಗೆರೆಗಳನ್ನು ಬಣ್ಣದಲ್ಲೇ ಎಳೆಯುವ ಆಸೆ. ಕಪ್ಪು ಹೊಡೆದು, ಟೇಪ್ ಹಚ್ಚಿ ಚಿನ್ನ ಹೊಡೆದೆ. ಟೇಪ್ ಕಿತ್ತರೆ ಅಂಚೆಲ್ಲಾ ಇರುವೆ ಕಾಲಿನ ಹಾಗೆ ಒಸರಿದೆ. ನಮ್ಮ ಕಸುಬಿನಲ್ಲಿ ಕಪ್ಪು ಬರುವುದೇ ಕೊನೆಗೆ. ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ, ಉಜ್ಜಿ, ಆಮೇಲೆ ಕೋಟೆ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡುತ್ತೇವೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇಲ್ಲೂ ಚಿನ್ನ ಮೊದಲು ಮಾಡಿದರೆ?

ಉಸ್ತಾದ್: ಭಾಯಿ, ಉತ್ತರ ನೀವೇ ಹೇಳಿಬಿಟ್ಟಿರಿ. ಚಿನ್ನ ಮೊದಲು.

ಗೆರೆ ಬರುವ ಜಾಗಕ್ಕೆಲ್ಲಾ ಚಿನ್ನ ಹೊಡೆಯಿರಿ. ಪೂರ್ತಿ ಒಣಗಲಿ. ಆಮೇಲೆ ಒಂದು ಗಾಜಿನ ಮೇಲೆ ಮಾಡೆಲ್ ಟೇಪ್ ಅಂಟಿಸಿ, ಹೊಸ ಬ್ಲೇಡಿನಿಂದ ಅರ್ಧ ಮಿಲಿಮೀಟರ್ ಎಳೆಗಳನ್ನು ಸೀಳಿ. ಅವೇ ನಿಮ್ಮ ತಂತಿ. ಕಾರಿನ ಮೈಮೇಲೆ ಗೆರೆ ಎಲ್ಲಿ ಬೇಕೋ ಅಲ್ಲಿ ಕೂರಿಸಿ, ಬೆರಳುಗುರಿನಿಂದ ಅಂಚನ್ನು ಒತ್ತಿ. ಈಗ ಕಪ್ಪು ಹೊಡೆಯುವ ಮೊದಲು ಇನ್ನೊಂದು ತೆಳು ಕೋಟು ಚಿನ್ನವನ್ನೇ ಹೊಡೆಯಿರಿ. ಇದನ್ನು ಜನ ಮರೆಯುತ್ತಾರೆ. ಟೇಪಿನ ಅಡಿ ಏನೇ ನುಗ್ಗಿದರೂ ಅದು ಚಿನ್ನವೇ, ಯಾರಿಗೂ ಕಾಣಲ್ಲ. ಸಂದು ಮುಚ್ಚಿಹೋಗುತ್ತದೆ. ಆಮೇಲೆ ಹೊಡೆದ ಕಪ್ಪಿಗೆ ಒಸರಲು ದಾರಿಯೇ ಇಲ್ಲ. ಕಪ್ಪು ಇನ್ನೂ ಸ್ವಲ್ಪ ಮೆತ್ತಗಿರುವಾಗಲೇ ಟೇಪನ್ನು ಅದರ ಮೇಲೇ ಮಡಚಿ ಹಿಂದಕ್ಕೆ ಎಳೆಯಿರಿ. ಮೇಲಕ್ಕೆತ್ತಿದರೆ ಅಂಚು ಹರಿಯುತ್ತದೆ.

ಕಾರ್ ಶೆಡ್ಡಿನ ಮಾಸ್ಕಿಂಗ್ ಟೇಪ್ ಇದಕ್ಕೆ ಆಗಲ್ಲ. ಅದು ಸುಕ್ಕು ಕಾಗದ, ಆ ಸುಕ್ಕಿನಲ್ಲೇ ಬಣ್ಣ ಓಡುತ್ತದೆ. ಮುಗಿದ ಮೇಲೆ ಫೋಟೋ ಹಾಕಲೇಬೇಕು, ಬಿಡಲ್ಲ.

ಪ್ರಶ್ನೆ (ಯಾದಗಿರಿ, ಪಿಯುಸಿ ವಿದ್ಯಾರ್ಥಿ): ಸರ್, ನನ್ನದು ಮೊದಲ ಕಿಟ್. ಫಾರ್ಮುಲಾ ಒನ್ ಕಾರಿನಿಂದಲೇ ಶುರು ಮಾಡಲಾ? ಏನೇನು ಸಾಮಾನು ಬೇಕು?

ಉಸ್ತಾದ್: ಬೇಡ ತಮ್ಮಾ. ಚಕ್ರ ಹೊರಗಿರುವ ಕಾರಿನಲ್ಲಿ ಸಸ್ಪೆನ್ಷನ್ ಕಡ್ಡಿಗಳೆಲ್ಲಾ ಕಾಣುತ್ತವೆ. ಒಂದು ಕಡ್ಡಿ ಕೂದಲೆಳೆ ಸೊಟ್ಟ ಕೂತರೆ ಮೂರು ಚಕ್ರ ನೆಲದ ಮೇಲೆ, ಒಂದು ಗಾಳಿಯಲ್ಲಿ. ಮೈ ಮುಚ್ಚಿರುವ 1/24 ಕಾರು ತಗೋ, ತಪ್ಪುಗಳನ್ನು ಮೈ ಮುಚ್ಚಿಕೊಳ್ಳುತ್ತದೆ.

ಸಾಮಾನಿಗೆ ಜಾಸ್ತಿ ಖರ್ಚು ಮಾಡಬೇಡ. ಭಾಗಗಳನ್ನು ಫ್ರೇಮಿನಿಂದ ಬಿಡಿಸಲು ಹರಿತವಾದ ನೈಲ್ ಕಟರ್ ಸಾಕು. ಭಾಗಕ್ಕೆ ತಾಗಿಸಿ ಕತ್ತರಿಸಬೇಡ, ಎರಡು ಮಿ.ಮೀ. ಬಿಡು, ಉಳಿದದ್ದನ್ನು ಬ್ಲೇಡಿನಿಂದ ಸವರು. ಹಾರ್ಡ್‌ವೇರ್ ಅಂಗಡಿಯಲ್ಲಿ 400, 800, 1200 ವಾಟರ್ ಪೇಪರ್ ಒಂದೊಂದು ಹಾಳೆ ತಗೋ. ಕೈಚೀಲಕ್ಕೆ ತುಂಬುವಷ್ಟು ಟೂಲ್ ಸೆಟ್ ಆನ್‌ಲೈನಲ್ಲಿ ತೋರಿಸುತ್ತಾರೆ, ಸುಮ್ನೆ ದುಡ್ಡು ದಂಡ. ದುಡ್ಡು ಹಾಕುವುದಾದರೆ ಕಿಟ್‌ಗೆಂದೇ ಬರುವ ತೆಳು ಸಿಮೆಂಟಿಗೆ ಹಾಕು. ಅದು ಅಂಟಲ್ಲ, ಪ್ಲಾಸ್ಟಿಕ್ಕನ್ನು ಕರಗಿಸಿ ಎರಡನ್ನು ಒಂದು ಮಾಡುವ ದ್ರವ. ಬ್ರಷ್ಷಿನ ತುದಿ ಸಂದಿಗೆ ತಾಗಿಸಿದರೆ ಸಾಕು, ತಾನೇ ಒಳಗೆ ಓಡುತ್ತದೆ.

ಬಣ್ಣಕ್ಕೆ ಮೊದಲು ಎಲ್ಲ ಭಾಗಗಳನ್ನೂ ಪಾತ್ರೆ ಸೋಪಿನಲ್ಲಿ ತೊಳೆ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಇರುತ್ತದೆ.

ಪ್ರಶ್ನೆ (ಕಲಬುರಗಿ, ಮಗನ ಜೊತೆ ಕಿಟ್ ಮಾಡುವ ತಾಯಿ): ಮುಂದಿನ ಗಾಜನ್ನು ಐದು ರೂಪಾಯಿ ಟ್ಯೂಬಿನ ಇನ್‌ಸ್ಟಂಟ್ ಅಂಟಿನಿಂದ ಕೂರಿಸಿದೆವು. ಬೆಳಿಗ್ಗೆ ನೋಡಿದರೆ ಗಾಜಿಗೆ ಮಂಜು ಹಿಡಿದಿದೆ. ಒರೆಸಿದರೂ ಹೋಗುತ್ತಿಲ್ಲ.

ಉಸ್ತಾದ್: ಅಕ್ಕಾ, ಅದು ಅಂಟಿನ ಹೊಗೆ. ಗಾಜಿಗೆ ಫೆವಿಕಾಲ್ ಹಚ್ಚಿ, ಬಿಳಿಯಾಗಿರುತ್ತದೆ, ಒಣಗಿದರೆ ಕಾಣಲ್ಲ. ಈಗಿನ ಮಂಜನ್ನು ರಬ್ಬಿಂಗ್ ಕಾಂಪೌಂಡ್ ಮೆತ್ತನೆ ಬಟ್ಟೆಗೆ ಹಾಕಿ ತಿಕ್ಕಿದರೆ ಬಹುಪಾಲು ಹೋಗುತ್ತದೆ.

ಪ್ರಶ್ನೆ (ಬೀದರ್, ನಿವೃತ್ತ ಶಿಕ್ಷಕ): ದುಬೈಯಿಂದ ತಮ್ಮ ಎಂದೋ ತಂದಿದ್ದ ಕಿಟ್ ಅಟ್ಟದಲ್ಲಿ ಸಿಕ್ಕಿತು. ಆರು ಚಕ್ರದ ಟಿರೆಲ್ ಪಿ34, 1/20. ಡೀಕಲ್ ಹಾಳೆ ಅರಿಸಿನದ ಹಾಗೆ ಹಳದಿಯಾಗಿದೆ. ಟೈರ್‌ಗಳು ರಿಮ್ಮಿಗೆ ಕಚ್ಚಿಕೊಂಡು ರಿಮ್ಮನ್ನೇ ಕರಗಿಸಿವೆ. ಎಸೆಯುವುದಾ?

ಉಸ್ತಾದ್: ಮಾಸ್ತರ್ ಸಾಹೇಬ್ರೇ, ಅದನ್ನು ಎಸೆದರೆ ನಾನು ಬೀದರ್‌ಗೇ ಬಂದು ಎತ್ತಿಕೊಂಡು ಹೋಗುತ್ತೇನೆ. 1976ರಲ್ಲಿ ಸ್ವೀಡನ್ನಿನ ರೇಸಿನಲ್ಲಿ ಮೊದಲ ಎರಡೂ ಸ್ಥಾನ ಹೊಡೆದ ಕಾರು ಅದು. ಜೋಡಿ ಶೆಕ್ಟರ್ ಮೊದಲು, ಪ್ಯಾಟ್ರಿಕ್ ಡಿಪೈಯೆ ಎರಡು. ಆರು ಚಕ್ರದ ಕಾರು ಫಾರ್ಮುಲಾ ಒನ್ ಗೆದ್ದಿದ್ದು ಆ ಒಂದು ಸಲ ಮಾತ್ರ.

ತಪ್ಪು ಟೈರಿನದು. ಮೆತ್ತಗಿರಲಿ ಅಂತ ಆ ವಿನೈಲ್‌ನಲ್ಲಿ ಒಂದು ಎಣ್ಣೆಯಂಥದ್ದು ಬೆರೆಸಿರುತ್ತಾರೆ. ವರ್ಷಗಟ್ಟಲೆ ತಾಗಿಕೊಂಡಿದ್ದರೆ ಅದು ಒಸರಿ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಟೈರ್‌ಗಳನ್ನು ಬೇರೆ ಕವರಿನಲ್ಲಿಡಿ. ರಿಮ್ಮಿನ ತಿಂದ ಜಾಗಕ್ಕೆ ಪುಟ್ಟಿ ತುಂಬಿ ತಿಕ್ಕಿ. ಮುಂದಿನ ರಿಮ್ಮು ಅಸಲಿ ಕಾರಿನಲ್ಲೇ 10 ಇಂಚು, ನಿಮ್ಮ ಕಿಟ್‌ನಲ್ಲಿ 12.7 ಮಿ.ಮೀ., ಅಂಗಿ ಗುಂಡಿಯಷ್ಟು. ತಾಳ್ಮೆ ಬೇಕು. ಮತ್ತೆ ಟೈರ್ ಹಾಕುವ ಮೊದಲು ರಿಮ್ಮಿಗೆ ತೆಳು ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಎರಡೂ ತಾಗದಿರಲಿ.

ಹಳದಿಗೆ ಮದ್ದು ನಮ್ಮ ಬಿಸಿಲು. ಡೀಕಲ್ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಚಿತ್ರದ ಮುಖ ಹೊರಗೆ ಮಾಡಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಳಗಿನಿಂದ ಅಂಟಿಸಿ. ದಿನಾ ನೋಡುತ್ತಿರಿ, ಬೆಳ್ಳಗಾದ ದಿನ ತೆಗೆಯಿರಿ. ಆಮೇಲೆ ಹಾಳೆಯ ಮೇಲೆ ಒಂದು ತೆಳು ಕ್ಲಿಯರ್ ಹೊಡೆಯಿರಿ, ಇಲ್ಲದಿದ್ದರೆ ಹಳೇ ಡೀಕಲ್ ನೀರಿನಲ್ಲಿ ಹಪ್ಪಳದ ಹಾಗೆ ಚೂರಾಗುತ್ತದೆ. ಮೊದಲು ಬೇಡದ ಒಂದನ್ನು ನೆನೆಸಿ ನೋಡಿ. ನೀರು ಬೋರಿನದು ಬೇಡ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ನೀರು ತಗೊಳ್ಳಿ.

ಒಂದು ಮಾತು, ಬಿಸಿಲಿಗೆ ಇಡುವುದು ಹಾಳೆಯನ್ನು ಮಾತ್ರ. ಹೋದ ವರ್ಷ ಒಬ್ಬರು ಮುಗಿಸಿದ ಮಾಡೆಲ್ಲನ್ನು ನನಗೆ ತೋರಿಸಲು ತಂದು, ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟು ಊಟಕ್ಕೆ ಹೋದರು. ಬಂದು ನೋಡಿದರೆ ಹಿಂದಿನ ರೆಕ್ಕೆ ಬಾಳೆ ಎಲೆಯ ಹಾಗೆ ಬಾಗಿತ್ತು.

ಅಡ್ಮಿನ್: ಉಸ್ತಾದರಿಗೆ ಶೆಡ್ಡಿನಿಂದ ಫೋನು ಬಂದಿದೆ, ಪುಟ್ಟಿ ಒಣಗಿದೆಯಂತೆ. ಉಳಿದವರು ಪ್ರಶ್ನೆ ಹಾಕಿಡಿ, ರಾತ್ರಿ ನೋಡುತ್ತಾರೆ.

ಬ್ಯಾಂಕ್ ನೌಕರ (ಮೂರು ದಿನದ ನಂತರ, ಬೆಳಿಗ್ಗೆ 6:10): ಉಸ್ತಾದರೇ, ತಿಕ್ಕಿ, ನೆಲಕ್ಕೆ ನೀರು ಚಿಮುಕಿಸಿ ಈಗ ಹೊಡೆದೆ. ನೀಲಿ ಗಾಜಿನ ಹಾಗೆ ಬಂದಿದೆ. ಆದರೆ ಡಬ್ಬ ಕವುಚುವಷ್ಟರಲ್ಲಿ ಒಂದು ಸೊಳ್ಳೆ ಬಂದು ಸರಿಯಾಗಿ ಮೂತಿ ಮೇಲೆ ಕೂತಿತು. ಚಿಮಟ ಕೈಯಲ್ಲಿದೆ, ತೆಗೆಯಲಾ?

ಉಸ್ತಾದ್: ಚಿಮಟ ಕೆಳಗಿಡಿ! ಈಗ ಮುಟ್ಟಿದರೆ ಗುಂಡಿ ಬೀಳುತ್ತದೆ. ನಾಳೆ ಒಣಗಿದ ಮೇಲೆ 2000 ವಾಟರ್ ಪೇಪರಿನ ಒಂದು ಚೂರು ಪೆನ್ಸಿಲ್ ತುದಿಗೆ ಅಂಟಿಸಿ, ಸೊಳ್ಳೆಯನ್ನಷ್ಟೇ ತಿಕ್ಕಿ. ಅಲ್ಲಿಂದಲೇ ಕಿತ್ತಳೆ ಪಟ್ಟಿ ಹೋಗುತ್ತದೆ ಅಲ್ವಾ, ಅದರ ಕೆಳಗೆ ಮುಚ್ಚಿಹೋಗುತ್ತದೆ.